ಮಲಗಿಸಿದ ಸಿಲಿಂಡರು

ನಮ್ಮ ಮನೆಯಲ್ಲಿ ಬರೆದಿಡದ ಶಾಸನಗಳು ಕೆಲವಿದ್ದವು. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಹೊಸ್ತಿಲ ಮೇಲೆ ಕೂರಬಾರದು, ಶುಕ್ರವಾರ ಯಾರಿಗೂ ಉಪ್ಪು ಕೊಡಬಾರದು. 1987ರ ದೀಪಾವಳಿಯಿಂದ ಈಚೆಗೆ ಅವುಗಳ ಜೊತೆಗೆ ಇನ್ನೊಂದು ಸೇರಿತು: ಗ್ಯಾಸ್ ಸಿಲಿಂಡರನ್ನು ಮಲಗಿಸಬಾರದು. ಮೊದಲಿನ ಮೂರನ್ನು ನಾವು ಮಕ್ಕಳು ದೊಡ್ಡವರಾದ ಹಾಗೆ ಮರೆತೆವು. ನಾಲ್ಕನೆಯದನ್ನು ಮರೆಯಲಾಗಲಿಲ್ಲ. ಅಮ್ಮನ ಬಲಗೈ ದಿನವೂ ಕಣ್ಣ ಮುಂದೆ ಇರುತ್ತಿತ್ತಲ್ಲ!

ನಮ್ಮದು ದಾವಣಗೆರೆ. ಮನೆಗೆ ಗ್ಯಾಸ್ ಬಂದು ಆಗ ಎರಡು ವರ್ಷವಾಗಿತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಸಿಕ್ಕಿದ್ದು ಒಂದೇ ಒಂದು ಸಿಲಿಂಡರು. ಅದು ಮುಗಿಯಿತೆಂದರೆ ಮುಂದಿನದಕ್ಕೆ ಹದಿನೈದೋ ಇಪ್ಪತ್ತೋ ದಿನ ಕಾಯಬೇಕು. ನೀರು ತುಂಬುವ ಹಬ್ಬದ ಹಿಂದಿನ ದಿನ ಅಮ್ಮ ಚಕ್ಕುಲಿ ಕರಿಯುತ್ತಿದ್ದಾಗ ಉರಿ ಸಣ್ಣಗಾಯಿತು. ಸೀಮೆಎಣ್ಣೆ ಸ್ಟೋವನ್ನು ಎಂದೋ ಅಟ್ಟಕ್ಕೆ ಏರಿಸಿ ಆಗಿತ್ತು. ನಾನಾಗ ಎರಡನೇ ಪಿಯುಸಿ ಹುಡುಗಿ, ಎಲ್ಲ ತಿಳಿದವಳು. ಗೆಳತಿಯ ಮನೆಯಲ್ಲಿ ನೋಡಿದ್ದನ್ನು ಹೇಳಿದೆ: ‘ಮಲಗಿಸಿ, ಬುಡಕ್ಕೆ ಇಟ್ಟಿಗೆ ಕೊಟ್ಟರೆ ತಳದಲ್ಲಿ ಉಳಿದದ್ದೆಲ್ಲ ಬಾಯಿಗೆ ಬರತ್ತಮ್ಮ.’ ಅಮ್ಮ ಅನುಮಾನಿಸಿದಳು. ನಾನೇ ಸಿಲಿಂಡರನ್ನು ಉರುಳಿಸಿ, ಇಟ್ಟಿಗೆಯನ್ನೂ ನಾನೇ ಇಟ್ಟೆ. ಒಂದು ನಿಮಿಷ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಒಲೆ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ, ಉರಿ ಬಾಣಲೆಯನ್ನು ಮೀರಿ ಎದ್ದಿತು. ಆ ಉರಿಯ ನಡುವೆಯೇ ಅಮ್ಮ ಕೈ ಚಾಚಿ ಒಲೆಯ ತಿರುಗಣೆಯನ್ನು ಮುಚ್ಚಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತ್ತು. ಸಂಜೆ ಮಂಡಿಯಿಂದ ಬಂದ ಅಪ್ಪನಿಗೆ ‘ಎಣ್ಣೆ ತುಳುಕಿತು’ ಎಂದು ಹೇಳಿದವಳು ಅಮ್ಮನೇ. ಅಪ್ಪ ತೀರಿಕೊಳ್ಳುವವರೆಗೂ ಅದು ಎಣ್ಣೆಯಾಗಿಯೇ ಉಳಿಯಿತು.

ಹೀಗಿರುವಾಗ 2018ರ ಬೇಸಿಗೆ ರಜೆಯಲ್ಲಿ ನಾನು ಅಮೆರಿಕದ ಮಿಷಿಗನ್ ರಾಜ್ಯದ ಒಂದು ಮರದ ಅಂಗಡಿಯ ಅಂಗಳದಲ್ಲಿ ನಿಂತಿದ್ದೆ. ಅಕ್ಕನ ಮಗಳ ಬಾಣಂತನ. ಅಕ್ಕನಿಗೆ ಮಂಡಿನೋವು, ಆದ್ದರಿಂದ ಜೊತೆಗೆ ನಾನು. ಮಗುವಿನ ಕೋಣೆಗೆ ಕಪಾಟು ಮಾಡಲು ಹಲಗೆ ಬೇಕೆಂದು ಅಳಿಯಂದಿರ ಜೊತೆ ಹೋಗಿದ್ದೆವು. ಹಲಗೆಗಳ ದೊಡ್ಡ ಕಟ್ಟೊಂದನ್ನು ತನ್ನ ಎರಡು ಕಬ್ಬಿಣದ ತೋಳುಗಳ ಮೇಲೆ ಹೊತ್ತು ಒಂದು ಪುಟ್ಟ ಗಾಡಿ ನಮ್ಮ ಕಡೆಗೇ ಬಂದು ತಿರುಗಿತು. ಫೋರ್ಕ್‌ಲಿಫ್ಟ್. ಅದರ ಬೆನ್ನನ್ನು ನೋಡಿ ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಅಲ್ಲಿ ಒಂದು ಗ್ಯಾಸ್ ಸಿಲಿಂಡರನ್ನು, ನಮ್ಮ ಅಡುಗೆಮನೆಯದಕ್ಕೆ ಅಣ್ಣನೋ ತಮ್ಮನೋ ಎನ್ನಬಹುದಾದ ಸಿಲಿಂಡರನ್ನು, ಉದ್ದಕ್ಕೆ ಮಲಗಿಸಿ ಪಟ್ಟಿ ಬಿಗಿದಿದ್ದರು!

ಗಾಡಿಯನ್ನು ನಡೆಸುತ್ತಿದ್ದವಳು ಒಬ್ಬ ಹೆಂಗಸು. ಹೆಚ್ಚುಕಡಿಮೆ ನನ್ನದೇ ವಯಸ್ಸು, ತಲೆ ನೆರೆತಿತ್ತು. ನಾನು ಬೆದರಿದ್ದನ್ನು ಕಂಡು ಎಂಜಿನ್ ನಿಲ್ಲಿಸಿ, ತೋಳುಗಳನ್ನು ನೆಲಕ್ಕಿಳಿಸಿ, ಏನೆಂದು ಕೇಳಿದಳು. ಅಳಿಯಂದಿರು ಸಂಕೋಚದಿಂದ ನನ್ನ ಪ್ರಶ್ನೆಯನ್ನು ಮುಟ್ಟಿಸಿದರು. ಆಕೆ ನಗಲಿಲ್ಲ. ಕೆಳಗಿಳಿದು ಬಂದು ಸಿಲಿಂಡರಿನ ಕತ್ತಿನ ಪಟ್ಟಿಯಲ್ಲಿದ್ದ ತೂತನ್ನೂ, ಆ ತೂತಿಗೆ ಸರಿಯಾಗಿ ಕೂರುವಂತೆ ಗಾಡಿಯಿಂದ ಎದ್ದಿದ್ದ ಒಂದು ಮೊಳೆಯನ್ನೂ ತೋರಿಸಿದಳು. ಮಲಗಿಸಬೇಕು, ಆದರೆ ಹೇಗೆಂದರೆ ಹಾಗೆ ಮಲಗಿಸುವಂತಿಲ್ಲ, ಈ ಒಂದೇ ಮಗ್ಗುಲಿಗೆ ಮಲಗಿಸಬೇಕು ಎಂದಳು. ಬಾಣಂತಿ ಮನೆಯಿಂದ ಬಂದ ನನಗೆ ಆ ಮಾತು ಮಗುವಿನ ವಿಷಯದಂತೆಯೇ ಕೇಳಿಸಿತು.

ನಾನು ಬಿ.ಎ., ಬಿ.ಎಡ್. ಓದಿ ಸಮಾಜ ಪಾಠ ಮಾಡುವವಳು. ವಿಜ್ಞಾನದ ವಿಷಯ ಬಂದರೆ ನಮ್ಮ ಶಾಲೆಯ ವಿಜ್ಞಾನದ ಮೇಡಂ ಹತ್ತಿರ ಹೋಗುತ್ತೇನೆ. ಊರಿಗೆ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಅವರು ಬಿಡಿಸಿ ಹೇಳಿದ್ದು ಹೀಗೆ. ಸಿಲಿಂಡರಿನೊಳಗೆ ಇರುವುದು ಅನಿಲವೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಒತ್ತಡದಲ್ಲಿ ಅದುಮಿಟ್ಟ ನೀರಿನಂಥ ದ್ರವ. ಅದರ ಮೇಲಿನ ಖಾಲಿ ಜಾಗದಲ್ಲಿ ಅದರದೇ ಆವಿ. ಸಿಲಿಂಡರು ನೆಟ್ಟಗೆ ನಿಂತಿರುವಾಗ ಮೇಲಿನ ಬಾಯಿಯಿಂದ ಆವಿ ಮಾತ್ರ ಬರುತ್ತದೆ. ನಮ್ಮ ಒಲೆಗೆ ಬೇಕಾದ್ದೂ ಅಷ್ಟೇ. ಮಲಗಿಸಿ ಬುಡ ಎತ್ತಿದರೆ ದ್ರವವೇ ಕೊಳವೆಗೆ ನುಗ್ಗುತ್ತದೆ. ಪ್ರೊಪೇನ್ ದ್ರವ ಒಂದು ಪಾವು ಇದ್ದರೆ ಅನಿಲವಾದಾಗ ಅದು ಸುಮಾರು 270 ಪಾವು. ಒಲೆಯ ಬಾಯಲ್ಲಿ ಅದು ಹಾಗೆ ಹಿಗ್ಗಿದರೆ ಏನಾಗುತ್ತದೆ ಎಂಬುದನ್ನು ಅವರು ನನಗೆ ವಿವರಿಸಬೇಕಾಗಿರಲಿಲ್ಲ.

ಆದರೆ ಗಾಡಿಯ ಎಂಜಿನ್ನಿಗೆ ಬೇಕಾಗುವುದು ಆ ದ್ರವವೇ. ಮದುವೆ ಮನೆಯ ಅಡಿಗೆಯವರ ದೊಡ್ಡ ಒಲೆಗೆ ಜೋಡಿಸಿದ ಸಿಲಿಂಡರನ್ನು ನೀವು ನೋಡಿರಬಹುದು. ಸ್ವಲ್ಪ ಹೊತ್ತಿಗೆ ಅದರ ಮೈ ಬೆವರಿ, ಕೆಳಗೆ ಹಿಮ ಕಟ್ಟಿದಂತಾಗಿ, ಉರಿ ಕುಗ್ಗುತ್ತದೆ. ದ್ರವ ಆವಿಯಾಗಬೇಕಾದರೆ ಶಾಖ ಬೇಕು. ಅದನ್ನು ಸಿಲಿಂಡರಿನ ಮೈಯಿಂದಲೇ ಹೀರಿಕೊಳ್ಳುತ್ತದೆ, ಮೈ ತಣ್ಣಗಾದಷ್ಟೂ ಆವಿ ಕಡಿಮೆ. ಟನ್ನುಗಟ್ಟಲೆ ಭಾರ ಎತ್ತುವ ಎಂಜಿನ್ನಿಗೆ ಈ ನಿಧಾನದ ಆವಿ ಸಾಲದು. ಅದಕ್ಕೆಂದೇ ಆ ಸಿಲಿಂಡರಿನೊಳಗೆ ತಳದವರೆಗೆ ಬಾಗಿದ ಒಂದು ಕೊಳವೆ ಇಟ್ಟು ದ್ರವವನ್ನೇ ಎಳೆಯುತ್ತಾರೆ. ಎಂಜಿನ್ನನ್ನು ತಂಪಾಗಿಡಲು ಅದರ ಸುತ್ತ ಹರಿದು ತಾನು ಬಿಸಿಯಾಗುವ ನೀರು ಇರುತ್ತದಲ್ಲ, ಆ ಬಿಸಿನೀರು ಸುತ್ತುವ ಒಂದು ಡಬ್ಬಿಯೊಳಗೆ ಈ ದ್ರವ ಬಂದು ಆವಿಯಾಗುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಶೀಶೆಯನ್ನು ನಾವು ಬಿಸಿನೀರಿನ ಚೆಂಬಿನಲ್ಲಿ ಇಡುವುದಿಲ್ಲವೇ, ಹಾಗೆ. ಅಲ್ಲಿಂದ ಒತ್ತಡ ಇಳಿಸಿಕೊಂಡು, ಗಾಳಿಯ ಜೊತೆ ಬೆರೆತು, ಎಂಜಿನ್ನಿಗೆ ಹೋಗಿ ಕಿಡಿ ತಾಗಿ ಉರಿಯುತ್ತದೆ. ಎಂಜಿನ್ ನಿಂತರೆ ದಾರಿಯಲ್ಲಿರುವ ಇನ್ನೊಂದು ಬೀಗ ತಾನಾಗಿ ಮುಚ್ಚಿಕೊಂಡು ಅನಿಲವನ್ನು ತಡೆಯುತ್ತದೆ. ಅಂದು ನಮ್ಮಲ್ಲಿ ಇಲ್ಲದಿದ್ದದ್ದು ಇವೇ: ನಡುವೆ ಆ ಬಿಸಿನೀರಿನ ಡಬ್ಬಿ, ಮತ್ತೆ ಆ ಬೀಗ.

ಆ ಮೊಳೆಯ ಗುಟ್ಟೂ ತಿಳಿಯಿತು. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳುವ ಒಂದು ಬಾಗಿಲು ಸಿಲಿಂಡರಿನಲ್ಲಿ ಇರುತ್ತದೆ. ಅದು ಯಾವಾಗಲೂ ಮೇಲ್ಮುಖವಾಗಿ, ಆವಿಯ ಜಾಗದಲ್ಲಿಯೇ ಇರಬೇಕು. ತೆರೆದಾಗ ದ್ರವ ಚಿಮ್ಮಬಾರದು. ಮೊಳೆ ತೂತಿಗೆ ಕೂತರೆ ಅದು ಮೇಲಿದೆ ಎಂದು ಅರ್ಥ. ಸಿಲಿಂಡರನ್ನು ಪೂರ್ತಿ ತುಂಬುವುದೂ ಇಲ್ಲ, ನೂರಕ್ಕೆ 80 ಪಾಲು ಮಾತ್ರ. ಸಾಮಾನ್ಯವಾಗಿ ಹಿಡಿಸುವುದು ಸುಮಾರು 15 ಕಿಲೋ, ನಮ್ಮ ಮನೆಯ 14.2 ಕಿಲೋಗೆ ಸರಿಸುಮಾರು ಅಷ್ಟೇ. ಅದರಲ್ಲಿ ಗಾಡಿ ಒಂದು ಪಾಳಿಯ ಕೆಲಸ ಮುಗಿಸುತ್ತದೆ.

ಇಷ್ಟು ತಿಳಿದ ಮೇಲೆ ನನ್ನ ಕಸುಬಿನ ಚಪಲ ಎದ್ದಿತು. ಇದನ್ನು ಮೊದಲು ಮಾಡಿದವರು ಯಾರು, ಯಾಕೆ?

ಭಾರ ಎತ್ತುವ ಕತೆ ಮೊದಲು. ನನಗದು ಪುಸ್ತಕದ ವಿಷಯವಲ್ಲ. ಅಪ್ಪ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಶಾಲೆ ಬಿಟ್ಟ ಮೇಲೆ ಅವರಿಗೆ ಕಾಫಿ ಒಯ್ದು ಕೊಡುವುದು ನನ್ನ ಕೆಲಸ. ಲಾರಿಗೆ ಹಲಗೆ ಹಾಕಿ, ಕೊಕ್ಕೆಯಿಂದ ಚೀಲ ಎಳೆದು, ಬಗ್ಗಿದ ಬೆನ್ನಿನ ಮೇಲೆ ಹಾಕಿಕೊಂಡು ಹಮಾಲರು ಓಡುವ ನಡಿಗೆಯಲ್ಲಿ ಹತ್ತುತ್ತಿದ್ದರು. ಕ್ವಿಂಟಲ್ ಚೀಲ ಅದು, ನೂರು ಕಿಲೋ. ನಾನು ‘ಮಾಮ’ ಎಂದು ಕರೆಯುತ್ತಿದ್ದ ಒಬ್ಬ ಹಮಾಲರು ನಲವತ್ತೈದಕ್ಕೇ ಕೆಲಸ ಬಿಟ್ಟರು. ಮಂಡಿಯ ಬಾಗಿಲಲ್ಲಿ ಚೀಲ ಹೊಲಿಯುತ್ತ ಕೂತಿರುತ್ತಿದ್ದ ಅವರಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಒಬ್ಬ ಮನುಷ್ಯ ಹೊರುವ ಭಾರಕ್ಕೆ ಮಿತಿ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದ ಮಾಡಿದ್ದು 1967ರಲ್ಲಿ; ಅದರ ಜೊತೆಗಿನ ಶಿಫಾರಸಿನಲ್ಲಿ ಗಂಡಸರಿಗೆ 55 ಕಿಲೋ ಎಂದಿತ್ತು. ಭಾರತ ಆ ಒಪ್ಪಂದವನ್ನು ಅಂಗೀಕರಿಸಿದ್ದು 2010ರಲ್ಲಿ. ನಡುವಿನ 43 ವರ್ಷಗಳಲ್ಲಿ ಎಷ್ಟು ಬೆನ್ನುಗಳು ಬಾಗಿದವೋ.

ಅಮೆರಿಕದಲ್ಲಿ ಈ ಹೊರೆಯನ್ನು ಗಾಡಿಗೆ ದಾಟಿಸುವ ಯತ್ನ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಶುರುವಾಯಿತು. 1906ರ ಸುಮಾರಿಗೆ ಪೆನ್ಸಿಲ್ವೇನಿಯಾ ರೈಲ್ವೆಯವರು ಬ್ಯಾಟರಿಯಿಂದ ಓಡುವ ಚಪ್ಪಟೆ ಗಾಡಿಗಳನ್ನು ಸಾಮಾನು ಸಾಗಿಸಲು ಬಳಸಿದರು. 1917ರಲ್ಲಿ ಮಿಷಿಗನ್ನಿನ ಬ್ಯುಕಾನನ್ ಎಂಬ ಊರಿನಲ್ಲಿ ವಾಹನಗಳ ಅಚ್ಚು ತಯಾರಿಸುತ್ತಿದ್ದ ಕ್ಲಾರ್ಕ್ ಕಂಪನಿ ತನ್ನದೇ ಕಾರ್ಖಾನೆಯೊಳಗೆ ಸಾಮಾನು ಎಳೆಯಲು ಪೆಟ್ರೋಲಿನ ಒಂದು ಗಾಡಿ ಮಾಡಿಕೊಂಡಿತು. ಕಾರ್ಖಾನೆ ನೋಡಲು ಬಂದವರು ಅಚ್ಚುಗಳಿಗಿಂತ ಹೆಚ್ಚಾಗಿ ಈ ಗಾಡಿಯನ್ನು ನೋಡಿ ‘ನಮಗೂ ಒಂದು ಮಾಡಿಕೊಡಿ’ ಎಂದರಂತೆ. ಅಕ್ಕನ ಮಗಳ ಮನೆಯಿಂದ ಆ ಊರು ಕಾರಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿದ್ದಾಗ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಬಾಣಂತಿಯನ್ನು ಬಿಟ್ಟು ಯಂತ್ರದ ತವರು ನೋಡಲು ಯಾರು ಕಳಿಸುತ್ತಿದ್ದರು!

ಎತ್ತರಕ್ಕೆ ಏರುವ ಕಂಬ, ಅದರ ಮೇಲೆ ಜಾರುವ ಎರಡು ತೋಳು ಬಂದದ್ದು 1920ರ ದಶಕದಲ್ಲಿ. ಮುಂದೆ ಅಷ್ಟು ಭಾರ ಎತ್ತಿದರೂ ಗಾಡಿ ಮುಗ್ಗರಿಸುವುದಿಲ್ಲ, ಯಾಕೆಂದರೆ ಹಿಂಬದಿಯಲ್ಲಿ ಎರಕದ ಕಬ್ಬಿಣದ ದೊಡ್ಡ ಗಟ್ಟಿ ಕೂರಿಸಿರುತ್ತಾರೆ. ನಮ್ಮ ಅಜ್ಜಿಯ ಊರಿನ ಬಾವಿಯ ಏತಕ್ಕೆ ಹಿಂದೆ ಕಲ್ಲು ಕಟ್ಟುತ್ತಿದ್ದರಲ್ಲ, ಅದೇ ಉಪಾಯ. ಸಿಲಿಂಡರು ಮಲಗಿರುವುದು ಆ ಕಬ್ಬಿಣದ ಗಟ್ಟಿಯ ಮೇಲೆಯೇ.

ಎರಡನೆಯ ಮಹಾಯುದ್ಧದಲ್ಲಿ ಈ ಗಾಡಿಗೆ ನಿಜವಾದ ಕಾಲ ಬಂತು. ಯುದ್ಧಸಾಮಗ್ರಿಯನ್ನು ಮರದ ಹಲಗೆಯ ತಟ್ಟೆಗಳ ಮೇಲೆ ಜೋಡಿಸಿ, ತಟ್ಟೆಯ ಸಮೇತ ಎತ್ತಿ ಹಡಗಿಗೆ ತುಂಬುವ ಪದ್ಧತಿ ಬೆಳೆಯಿತು. ಗಂಡಸರು ರಣರಂಗಕ್ಕೆ ಹೋಗಿದ್ದರಿಂದ ಉಗ್ರಾಣಗಳಲ್ಲಿ ಗಾಡಿ ನಡೆಸಲು ಹೆಂಗಸರು ಬಂದರು. ನೂರು ಕಿಲೋದ ಚೀಲವನ್ನು ಬೆನ್ನ ಮೇಲೆ ಹೊರುವುದೇ ಕೆಲಸವಾಗಿದ್ದಾಗ ಅವರನ್ನು ಕರೆಯುವವರು ಯಾರೂ ಇರಲಿಲ್ಲ; ಕೀಲಿ ತಿರುಗಿಸಿ ಹಿಡಿ ಎಳೆಯುವುದು ಕೆಲಸವಾದಾಗ ಕರೆದರು. ಯುದ್ಧ ಮುಗಿದಾಗ ಬಹಳ ಮಂದಿಯನ್ನು ಮನೆಗೆ ಕಳಿಸಿಯೂ ಬಿಟ್ಟರು. ಮರದ ಅಂಗಡಿಯಲ್ಲಿ ನಾನು ಕಂಡ ಆ ನರೆತಲೆಯವಳ ಹಿಂದೆ ಇಷ್ಟು ಚರಿತ್ರೆ ಇತ್ತು.

ಇನ್ನು ಅನಿಲದ ಕತೆ. ಇದು ಶುರುವಾಗುವುದು ಒಬ್ಬ ಗಿರಾಕಿಯ ದೂರಿನಿಂದ. 1910ರಲ್ಲಿ ಫೋರ್ಡ್ ಕಾರಿನ ಮಾಲೀಕನೊಬ್ಬ ಪಿಟ್ಸ್‌ಬರ್ಗಿನಲ್ಲಿ ಸರ್ಕಾರದ ಗಣಿ ಇಲಾಖೆಯ ರಸಾಯನಶಾಸ್ತ್ರಜ್ಞ ವಾಲ್ಟರ್ ಸ್ನೆಲಿಂಗ್ ಅವರ ಬಳಿ ಬಂದು, ತಾನು ದುಡ್ಡು ಕೊಟ್ಟು ಕೊಂಡ ಪೆಟ್ರೋಲು ಮನೆ ಸೇರುವಷ್ಟರಲ್ಲಿ ಅರ್ಧ ಮಾಯವಾಗುತ್ತದೆ ಎಂದು ದೂರಿದ. ಸ್ನೆಲಿಂಗ್ ಆ ಪೆಟ್ರೋಲನ್ನು ಗಾಜಿನ ಜಾಡಿಯಲ್ಲಿ ಹಾಕಿ ಬಿರಡೆ ಒತ್ತಿದರೆ ಬಿರಡೆ ಮತ್ತೆ ಮತ್ತೆ ಹಾರಿಹೋಗುತ್ತಿತ್ತು. ಬಿಸಿನೀರಿನ ಹಳೆಯ ಒಲೆಯೊಂದರ ಸುರುಳಿ ಕೊಳವೆ, ಪ್ರಯೋಗಶಾಲೆಯ ಅವು ಇವು ಜೋಡಿಸಿ ಅವರು ಒಂದು ಭಟ್ಟಿ ಮಾಡಿಕೊಂಡು, ಹಾರಿಹೋಗುವುದು ಏನೆಂದು ಬೇರ್ಪಡಿಸಿ ನೋಡಿದರು. ಪ್ರೊಪೇನ್, ಬ್ಯೂಟೇನ್ ಮುಂತಾದ ಅನಿಲಗಳು. ಒತ್ತಿದರೆ ದ್ರವ, ಬಿಟ್ಟರೆ ಅನಿಲ. 1912ರಲ್ಲಿ ಪೆನ್ಸಿಲ್ವೇನಿಯಾದ ಒಂದು ಹೊಲದ ಮನೆಯಲ್ಲಿ ಇದರಿಂದ ದೀಪವೂ ಒಲೆಯೂ ಉರಿದವು. 1913ರಲ್ಲಿ ಸ್ನೆಲಿಂಗ್ ಅವರಿಗೆ ಹಕ್ಕುಪತ್ರ ಸಿಕ್ಕಿತು. ಅದನ್ನು ಅವರು ಫ್ರಾಂಕ್ ಫಿಲಿಪ್ಸ್ ಎಂಬ ಎಣ್ಣೆ ವ್ಯಾಪಾರಿಗೆ 50,000 ಡಾಲರಿಗೆ ಮಾರಿದರು.

ಇವುಗಳಲ್ಲಿ ಬ್ಯೂಟೇನ್ ಸೊನ್ನೆ ಡಿಗ್ರಿಯ ಚಳಿಯಲ್ಲಿ ಆವಿಯಾಗಲು ಒಲ್ಲದು. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಹೀಗಾಗಿ ಅಮೆರಿಕದ ಚಳಿನಾಡುಗಳಿಗೆ ಪ್ರೊಪೇನೇ ಗತಿ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಎರಡೂ ಬೆರೆತಿರುತ್ತವೆ. ಪೆಟ್ರೋಲು, ಡೀಸೆಲಿನಷ್ಟು ಮಸಿ ಕಾರುವುದಿಲ್ಲ ಎಂಬ ಕಾರಣಕ್ಕೆ ಯುದ್ಧಾನಂತರ ಈ ಅನಿಲ ವಾಹನಗಳಿಗೂ ಬಂತು. 1950ರಲ್ಲಿ ಷಿಕಾಗೋ ನಗರ ಸಾರಿಗೆಯವರು ಇದರಿಂದ ಓಡುವ ಬಸ್ಸುಗಳನ್ನು ನೂರಾರು ಸಂಖ್ಯೆಯಲ್ಲಿ ತರಿಸಿದರು. ಛಾವಣಿಯ ಕೆಳಗೆ ದುಡಿಯುವ ಫೋರ್ಕ್‌ಲಿಫ್ಟಿಗೆ ಇದು ಇನ್ನೂ ಒಪ್ಪಿತು. ಬ್ಯಾಟರಿ ತುಂಬಿಸಲು ಗಂಟೆಗಟ್ಟಲೆ ಬೇಕು, ಸಿಲಿಂಡರು ಬದಲಿಸಲು ಐದು ನಿಮಿಷ ಸಾಕು.

ಭಾರತಕ್ಕೆ ಈ ಅನಿಲ ಬಂದದ್ದು ಗಾಡಿಗಲ್ಲ, ಒಲೆಗೆ. 1955ರಲ್ಲಿ ಬರ್ಮಾ ಷೆಲ್ ಕಂಪನಿ ಮುಂಬಯಿಯಲ್ಲಿ ಬರ್ಷೇನ್ ಎಂಬ ಹೆಸರಿನಿಂದ ಮಾರತೊಡಗಿತು, 1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್ ಶುರುವಾಯಿತು. ವಾಹನಕ್ಕೆ ಬಳಸಲು ಕಾನೂನಿನ ಒಪ್ಪಿಗೆ ದೊರೆತದ್ದು 2000ದಲ್ಲಿ. ಬೆಂಗಳೂರಿನ ಗ್ಯಾಸ್ ಆಟೋ ಹತ್ತಿದವರು ಈ ಫೋರ್ಕ್‌ಲಿಫ್ಟಿನ ತಂಗಿಯನ್ನೇ ಹತ್ತಿದ್ದಾರೆ. ನಮ್ಮ ಗೋದಾಮುಗಳಲ್ಲಿ ಮಾತ್ರ ಡೀಸೆಲ್ ಮತ್ತು ಬ್ಯಾಟರಿ ಗಾಡಿಗಳೇ ಹೆಚ್ಚು.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ತಮಾಷೆಯ ಓದಾಗಿ ಮುಗಿಯುತ್ತಿತ್ತು. ಆದರೆ ಗ್ಯಾಸಿನ ವಾಸನೆ ಎಲ್ಲಿಂದ ಬಂತು ಎಂದು ಹುಡುಕಹೋದೆ. ಅದು ನನ್ನನ್ನು ಒಂದು ಶಾಲೆಗೆ ಕರೆದೊಯ್ದಿತು.

ಪ್ರೊಪೇನಿಗಾಗಲಿ ಅದರ ಬಂಧು ನೈಸರ್ಗಿಕ ಅನಿಲಕ್ಕಾಗಲಿ ಸ್ವಂತ ವಾಸನೆ ಇಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬುದು 1930ರ ದಶಕದಲ್ಲಿ ಎಣ್ಣೆ ಬಾವಿಗಳಿಂದ ಸಿರಿವಂತವಾಗಿದ್ದ ಊರು. ಶಾಲೆಯೂ ಅದಕ್ಕೆ ತಕ್ಕಂತೆ ದೊಡ್ಡದು. ಕೋಣೆಗಳನ್ನು ಬೆಚ್ಚಗಿಡಲು ನೈಸರ್ಗಿಕ ಅನಿಲದ ಒಲೆಗಳಿದ್ದವು. 1937ರ ಆರಂಭದಲ್ಲಿ ಆಡಳಿತ ಮಂಡಳಿ ಅನಿಲದ ಗುತ್ತಿಗೆಯನ್ನು ರದ್ದು ಮಾಡಿ, ಹತ್ತಿರದಲ್ಲೇ ಹಾದುಹೋಗುತ್ತಿದ್ದ ಎಣ್ಣೆ ಕಂಪನಿಯೊಂದರ ಉಳಿಕೆ ಅನಿಲದ ಕೊಳವೆಗೆ ಶಾಲೆಯನ್ನು ಜೋಡಿಸಿತು. ತಿಂಗಳಿಗೆ ಇನ್ನೂರೈವತ್ತು ಮುನ್ನೂರು ಡಾಲರು ಉಳಿತಾಯ. ಎಲ್ಲೋ ಸೋರಿ ಅನಿಲ ಕಟ್ಟಡದ ನೆಲದಡಿಯ ಖಾಲಿ ಜಾಗದಲ್ಲಿ ತುಂಬಿಕೊಂಡಿತು. ಯಾರ ಮೂಗಿಗೂ ಬಡಿಯಲಿಲ್ಲ. ಕೆಲ ದಿನಗಳಿಂದ ಮಕ್ಕಳು ತಲೆನೋವು ಎನ್ನುತ್ತಿದ್ದರು. ಅದನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಈ ವಾಕ್ಯ ಓದಿದಾಗ ನಾನು ಪುಸ್ತಕವನ್ನು ಮಡಿಚಿಟ್ಟೆ. ಮೂವತ್ತು ವರ್ಷದ ಮೇಷ್ಟರಗಿರಿಯಲ್ಲಿ ‘ಮಿಸ್, ತಲೆನೋವು’ ಎಂದು ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಎದ್ದು ನಿಂತ ಮಕ್ಕಳಿಗೆ ನಾನು ಎಷ್ಟು ಸಲ ‘ನಾಟಕ ಸಾಕು, ಕೂತ್ಕೋ’ ಎಂದಿದ್ದೇನೋ ಲೆಕ್ಕವಿಲ್ಲ.

1937ರ ಮಾರ್ಚ್ 18, ಗುರುವಾರ. ಮರುದಿನ ಪಕ್ಕದ ಊರಿನಲ್ಲಿ ಶಾಲಾ ಸ್ಪರ್ಧೆಗಳೆಂದು ರಜೆ ಕೊಟ್ಟಿದ್ದರು. ಚಿಕ್ಕ ತರಗತಿಯ ಮಕ್ಕಳು ಆಗಲೇ ಮನೆಗೆ ಹೋಗಿಯಾಗಿತ್ತು. ಪಕ್ಕದ ವ್ಯಾಯಾಮಶಾಲೆಯಲ್ಲಿ ಪಾಲಕರ ಮತ್ತು ಶಿಕ್ಷಕರ ಸಭೆ ನಡೆಯುತ್ತಿತ್ತು, ತಾಯಂದಿರು ಸೇರಿದ್ದರು. ಮಧ್ಯಾಹ್ನ ಮೂರು ಗಂಟೆ ಕಳೆದಿತ್ತು. ಮರಗೆಲಸ ಕಲಿಸುವ ಮೇಷ್ಟ್ರು ಮರ ನುಣುಪು ಮಾಡುವ ವಿದ್ಯುತ್ ಯಂತ್ರದ ಸ್ವಿಚ್ಚು ಹಾಕಿದರು. ಕಿಡಿ ಹಾರಿತು. ಕಟ್ಟಡ ಬುಡದಿಂದ ಮೇಲೆದ್ದು ಕುಸಿಯಿತು. ತಾಯಂದಿರು ವ್ಯಾಯಾಮಶಾಲೆಯಿಂದ ಓಡಿಬಂದು ಬರಿಗೈಯಲ್ಲಿ ಅಗೆದರು. ಎಣ್ಣೆ ಬಾವಿಗಳ ಕೆಲಸಗಾರರು ಬಾವಿಗಳನ್ನು ಬಿಟ್ಟು ಬಂದು ಇಡೀ ರಾತ್ರಿ ಮಳೆಯಲ್ಲಿ ಅವಶೇಷ ತೆಗೆದರು. ಅವರಲ್ಲಿ ಎಷ್ಟೋ ಮಂದಿ ಅದೇ ಮಕ್ಕಳ ತಂದೆಯರು. ಸತ್ತವರು ಸುಮಾರು 300 ಮಂದಿ, ಮಕ್ಕಳು ಮತ್ತು ಶಿಕ್ಷಕರು. ಎಣ್ಣೆಯೂ ಅನಿಲವೂ ಈ ಸೀಮೆಗೆ ಸಿಕ್ಕ ದೊಡ್ಡ ವರಗಳು, ಅವಿಲ್ಲದಿದ್ದರೆ ಈ ಶಾಲೆಯೂ ಇರುತ್ತಿರಲಿಲ್ಲ ಎಂಬ ಅರ್ಥದ ಪಾಠದ ಸಾಲು ಬರೆದಿದ್ದ ಕರಿಹಲಗೆಯೊಂದು ಅವಶೇಷಗಳಲ್ಲಿ ಸಿಕ್ಕಿತೆಂದು ಹೇಳುತ್ತಾರೆ. ಅದನ್ನು ಬರೆದವರು ನನ್ನಂಥ ಒಬ್ಬ ಟೀಚರೇ ಇರಬೇಕು.

ಕೆಲವೇ ವಾರಗಳಲ್ಲಿ ಟೆಕ್ಸಾಸ್ ಸರ್ಕಾರ ಅನಿಲಕ್ಕೆ ವಾಸನೆ ಬೆರೆಸಬೇಕೆಂದು ಕಾನೂನು ಮಾಡಿತು. ಆಮೇಲೆ ಉಳಿದ ಕಡೆಗಳಲ್ಲೂ ಆ ಪದ್ಧತಿ ಹಬ್ಬಿತು. ಇಂದು ನಮ್ಮ ಸಿಲಿಂಡರಿನಲ್ಲಿ, ಆ ಮಿಷಿಗನ್ನಿನ ಗಾಡಿಯ ಸಿಲಿಂಡರಿನಲ್ಲಿ, ಕೊಳೆತ ಕೋಸಿನಂತೆ ನಾರುವುದು ಮರ್ಕ್ಯಾಪ್ಟನ್ ಎಂಬ ಗಂಧಕದ ವಸ್ತು. ಅಷ್ಟು ದೊಡ್ಡ ಸಿಲಿಂಡರಿಗೆ ಕಿಂಚಿತ್ತೇ ಸಾಕು, ನಮ್ಮ ಮೂಗಿಗೆ ತಿಳಿಯುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಬಗ್ಗಿ ಮೂಸಿ ನೋಡುವ ನಮ್ಮ ಅಡುಗೆಮನೆಯ ಅಭ್ಯಾಸ ಸರಿಯಾದದ್ದೇ.

ವಾಸನೆ ಬೆರೆಸಿದ್ದು ಉರಿಯುವ ಮೊದಲಿನ ಅನಿಲಕ್ಕೆ. ಉರಿದ ಮೇಲೆ ಏನು ಮಾಡುವುದು? ಎಂಜಿನ್ನಿನಲ್ಲಿ ಗಾಳಿ ಮತ್ತು ಅನಿಲದ ಹದ ತಪ್ಪಿದರೆ, ಗಾಳಿ ಸಾಲದೆ ಹೋದರೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮಸಿ ಕಾಣಿಸದ ಕಾರಣ ಈ ಗಾಡಿಗಳು ಶುದ್ಧವೆಂದು ನಂಬಿ, ಚಳಿಗೆ ಗೋದಾಮಿನ ಬಾಗಿಲುಗಳನ್ನೆಲ್ಲ ಮುಚ್ಚಿ ಓಡಿಸಿದರು. ಕೆಲಸಗಾರರಿಗೆ ತಲೆನೋವು, ವಾಕರಿಕೆ, ಸುಸ್ತು. ಶೀತಜ್ವರ ಇರಬೇಕೆಂದು ಮಾತ್ರೆ ನುಂಗಿ ಮರುದಿನ ಮತ್ತೆ ಅದೇ ಗಾಳಿಗೆ ಹೋಗುತ್ತಿದ್ದರು. 1992ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಇದನ್ನು ಗುರುತಿಸಿ ಬರೆಯುವಾಗ ‘ಗೋದಾಮು ಕೆಲಸಗಾರರ ತಲೆನೋವು’ ಎಂದೇ ಹೆಸರಿಟ್ಟಿತು. ಆ ಮೇಲೂ 1998ರಲ್ಲಿ ಅಯೋವಾ ರಾಜ್ಯದ ಕೆಲಸದ ಜಾಗಗಳಲ್ಲಿ ಪ್ರೊಪೇನ್ ಫೋರ್ಕ್‌ಲಿಫ್ಟುಗಳಿಂದ ವಿಷವೇರಿದ ಪ್ರಕರಣಗಳು ದಾಖಲಾದವು. ಹೊಗೆ ಶುದ್ಧಿ ಮಾಡುವ ಡಬ್ಬಿ, ಎಂಜಿನ್ನಿನ ಹದವನ್ನು ಆಗಾಗ ನೋಡಿಸುವುದು, ಗಾಳಿ ಬೀಸಣಿಗೆ ಇವೆಲ್ಲ ಇದಕ್ಕೆ ಪರಿಹಾರ. ಈಗೀಗ ಒಳಾಂಗಣದ ಕೆಲಸಕ್ಕೆ ಬ್ಯಾಟರಿ ಗಾಡಿಗಳೇ ಹೆಚ್ಚುತ್ತಿವೆ.

ಇದನ್ನು ಅಮೆರಿಕದ ಮಾತೆಂದು ಬದಿಗಿಡಬೇಡಿ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರದಿದ್ದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅದೂ ಇದೇ ವಿಷ. ನಮ್ಮ ಬೀದಿಯ ಎರಡು ಮನೆಗಳಲ್ಲಿ ಗೀಸರನ್ನು ಬಚ್ಚಲಿನಿಂದ ಹೊರಗೋಡೆಗೆ ನಾನು ಹೇಳಿ ಹೇಳಿ ಹಾಕಿಸಿದ್ದೇನೆ. ಒಂದು ಮನೆಯವರು ಇಂದಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ, ಗೋಡೆ ಒಡೆಸಿದ ಖರ್ಚಿಗೆ.

ಅಮ್ಮನಿಗೆ ಈಗ ಎಂಬತ್ತೆರಡು. ಕಣ್ಣು ಮಂಜು, ನೆನಪು ಚುರುಕು. ಒಂದು ಭಾನುವಾರ ಅವಳ ಕೈಗೆ ಎಣ್ಣೆ ಹಚ್ಚುತ್ತ ಇದನ್ನೆಲ್ಲ ಹೇಳಿದೆ. ಮಲಗಿಸಿದ ಸಿಲಿಂಡರು, ಬಿಸಿನೀರಿನ ಡಬ್ಬಿ, ಮೊಳೆ, ಆ ಶಾಲೆ, ಗೋದಾಮಿನ ತಲೆನೋವು. ಮೊಣಕೈಯ ಹತ್ತಿರ ಚರ್ಮ ಇಂದಿಗೂ ಸುಕ್ಕುಗಟ್ಟಿದ ಕಾಗದದಂತೆ ಇದೆ. ನಾನು ಹೇಳಿದ್ದು ತಪ್ಪಾಯಿತು ಎಂಬ ಮಾತು ಬಾಯಿಗೆ ಬಂದು, ಅಲ್ಲೇ ನಿಂತಿತು.

ಅಮ್ಮ ಕೈ ಎಳೆದುಕೊಂಡು ಸೆರಗಿಗೆ ಒರೆಸಿಕೊಂಡಳು.

‘ಅಂದ್ರೆ ಮಲಗಿಸಿದ್ದು ತಪ್ಪಲ್ಲ, ನಮ್ಮ ಒಲೆಗೆ ಅದು ಸಲ್ಲದು, ಅಷ್ಟೇ ಅಲ್ಲವೇನೇ?’

‘ಹೌದಮ್ಮ.’

‘ಇಷ್ಟು ಹೇಳೋದಕ್ಕೆ ಅಮೆರಿಕಕ್ಕೆ ಹೋಗಿ ಬಂದೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು: ‘ಆ ಗಾಡಿ ಓಡಿಸ್ತಿದ್ದಳಲ್ಲ, ಅವಳಿಗೆ ತಲೆನೋವು ಬರತ್ತಂತೇನು?’

ಅಂಗಡಿಯ ಅಂಗಳವೇನೋ ಬಯಲಾಗಿತ್ತು. ಒಳಗಿನ ಗೋದಾಮಿನಲ್ಲೂ ಅವಳು ಆ ಗಾಡಿಯನ್ನು ಓಡಿಸುತ್ತಿದ್ದಳೋ ಏನೋ, ಕೇಳಬೇಕೆಂದು ಆಗ ನನಗೆ ಗೊತ್ತಿರಲಿಲ್ಲ.